ಖಾಲಿ ಡಬ್ಬಿಯ ಸದ್ದು

ಕನ್ವರ್ಟರ್ ಕಿತ್ತ ಗಾಡಿಯ ಸದ್ದು ನನಗೆ ದೂರದಿಂದಲೇ ಗೊತ್ತಾಗುತ್ತದೆ. ಗ್ಯಾರೇಜಿನ ಮುಂದಿನ ತಿರುವಿಗೆ ಬರುವ ಮೊದಲೇ, ಲಾರಿಗಳ ಗದ್ದಲದ ನಡುವೆಯೂ ಅದೊಂದು ಬೇರೆಯಾಗಿ ಕೇಳುತ್ತದೆ. ತಗಡಿನ ಡಬ್ಬಿಯೊಳಗೆ ಯಾರೋ ಕೂತು ಗಂಟಲು ಸರಿಮಾಡಿಕೊಳ್ಳುವ ಹಾಗಿರುತ್ತದೆ ಆ ಸದ್ದು. ಊಟಕ್ಕೆ ಕೂತಿದ್ದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ. ಹೆಂಡತಿ ಬೈಯುತ್ತಾಳೆ: "ದೆವ್ವ ಕಂಡೋರಂಗೆ ಆಡ್ತೀರಲ್ಲ, ಗಾಡಿ ತಾನೇ ಅದು?" ಗಾಡಿಯೇ. ಸಕಲೇಶಪುರದ ಸುತ್ತ ಹಾಗೆ ಸದ್ದು ಮಾಡಿಕೊಂಡು ತಿರುಗುವ ಗಾಡಿಗಳಲ್ಲಿ ಬಹುಪಾಲು ಖಾಲಿಯಾದದ್ದು ನನ್ನ ಕೈಯಲ್ಲೇ. ಕಷ್ಟ ಇರುವುದೂ ಅಲ್ಲೇ.

ಗೊತ್ತಿಲ್ಲದವರಿಗೆ ಹೇಳಬೇಕು. ಪೆಟ್ರೋಲ್ ಗಾಡಿಯ ಹೊಟ್ಟೆಯ ಕೆಳಗೆ, ಇಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಒಂದು ಉಕ್ಕಿನ ಡಬ್ಬಿ ಇರುತ್ತದೆ. ಅದೇ ಕನ್ವರ್ಟರ್. ಒಳಗೆ ಪಿಂಗಾಣಿಯಂಥ ಒಂದು ದಪ್ಪ ಬಿಲ್ಲೆ, ಮೈತುಂಬ ಸಣ್ಣ ಸಣ್ಣ ತೂತು. ಇಂಜಿನ್ನಿನ ಹೊಗೆ ಆ ತೂತುಗಳೊಳಗೆ ಹಾಯ್ದು ಶುದ್ಧವಾಗಿ ಹೊರಗೆ ಬರಬೇಕು, ಕಾರ್ಖಾನೆಯವರ ಲೆಕ್ಕ ಇದು. ನಮ್ಮ ಕಡೆಯ ಗಾಡಿಗಳದ್ದೋ ಬೇರೆಯೇ ಬಾಳು. ಮೂಟೆ ಹೊತ್ತುಕೊಂಡು ದಿನವಿಡೀ ಫಸ್ಟ್ ಗೇರಿನಲ್ಲಿ ಏರು ಹತ್ತುತ್ತವೆ, ಆಯಿಲ್ ಕುಡಿಯುತ್ತವೆ, ಮಸಿ ಕಾರುತ್ತವೆ. ಕೆಲವು ವರ್ಷಕ್ಕೆ ತೂತುಗಳು ಕಟ್ಟಿಕೊಂಡು ಗಾಡಿ ತಿಣುಕಲು ಶುರುಮಾಡುತ್ತದೆ. ಆಗ ನನ್ನಂಥವರು ಡಬ್ಬಿ ಕೊಯ್ದು, ಕಬ್ಬಿಣದ ಸಲಾಕೆಯಿಂದ ಬಿಲ್ಲೆ ಕುಟ್ಟಿ ಪುಡಿಮಾಡಿ ಸುರಿದು, ಖಾಲಿ ಡಬ್ಬಿಯನ್ನೇ ಮತ್ತೆ ವೆಲ್ಡ್ ಮಾಡಿ ಕೂರಿಸುತ್ತೇವೆ. ಬಗ್ಗಿ ನೋಡಿದವರಿಗೆ ಎಲ್ಲ ಇದ್ದಲ್ಲೇ ಇರುತ್ತದೆ.

ಒಬ್ಬ ಸಣ್ಣ ಕಾಫಿ ಬೆಳೆಗಾರನ ವ್ಯಾನಿಗೂ ನಾನು ಮಾಡಿದ್ದು ಅದನ್ನೇ. ಯಸಳೂರಿನಿಂದ ಆಚೆ ಅವನ ತೋಟ. ಲೆಕ್ಕ ಬರೆಯಲು ರೈಟರನ್ನು ಇಟ್ಟುಕೊಳ್ಳುವಂಥ ಎಸ್ಟೇಟೇನಲ್ಲ. ನಾನೇ ಓನರ್ರು, ನಾನೇ ರೈಟರ್ರು, ನಾನೇ ಡ್ರೈವರ್ರು ಎಂದು ನಗುತ್ತಿದ್ದ. ಹಿಂದಿನ ಸೀಟು ಕಿತ್ತು ಮೂಟೆ ಹಾಕಲು ಜಾಗ ಮಾಡಿಕೊಂಡಿದ್ದ ಹಳೆಯ ಪೆಟ್ರೋಲ್ ವ್ಯಾನು ಅವನದು. ನನಗಿಂತ ಚಿಕ್ಕವನು, ಬಾಯ್ತುಂಬ ಅಣ್ಣ ಅನ್ನುತ್ತಿದ್ದ. ಬಂದರೆ ಒಂದು ಗಂಟೆ ಹರಟೆ ಹೊಡೆಯದೆ ಹೋಗುತ್ತಿರಲಿಲ್ಲ.

"ಅಣ್ಣ, ಗಾಡಿ ಏರು ಹತ್ತಲ್ಲ ಅಂತೈತೆ ಕಣಣ್ಣ. ಹಣ್ಣು ತುಂಬ್ಕಂಡ್ರೆ ಅರ್ಧಕ್ಕೇ ನಿಂತೋಯ್ತದೆ."

"ಕನ್ವರ್ಟರ್ ಕಟ್ಕಂಡೈತೆ. ಹೊಸದು ಹಾಕ್ಸಿದ್ರೆ ನಿನ್ನ ಗಾಡಿಗೆ ಮೂಗಿಗಿಂತ ಮೂಗುತಿ ಭಾರ ಆಯ್ತದೆ ಮಾರಾಯ. ಒಡ್ದು ತೆಗ್ದುಬುಡ್ತೀನಿ ತಗ."

"ಏನೂ ತೊಂದ್ರೆ ಇಲ್ವಾ?"

"ಅದು ಪ್ಯಾಟೆ ಗಾಳಿ ಕೆಡಬಾರ್ದು ಅಂತ ಇಟ್ಟಿರೋದು. ನಮ್ಮ ಕಡೆ ಗಾಳಿಗೇನು ಬರ ಬಂದೈತಾ?"

ಇಬ್ಬರೂ ನಕ್ಕೆವು. ಎದುರಿಗೆ ಬಿಸಿಲೆ ಘಾಟಿಯವರೆಗೂ ಕಾಡು ಹಬ್ಬಿಕೊಂಡಿರುವಾಗ ಗಾಳಿಯ ಚಿಂತೆ ಯಾರಿಗೆ ಬರುತ್ತದೆ? ಅವನು ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಹಾಗೇ ನಾನು ಸಲಾಕೆ ಹಾಕಿ ಕುಟ್ಟಿದೆ. ಕೈಗೆ, ಮುಖಕ್ಕೆ ಬೂದಿಯಂಥ ಧೂಳು ಮೆತ್ತಿತು. ಅವತ್ತು ಗಾಡಿ ಚಿಗರೆಯಂತೆ ಏರು ಹತ್ತಿತೆಂದು ಅವನೇ ಫೋನು ಮಾಡಿ ಹೇಳಿದ.

ಅದೇ ವರ್ಷ ಜನವರಿಯಲ್ಲಿ, ಕೊಯ್ಲಿನ ನಡುವೆ ಅಕಾಲದ ಮಳೆ ಬಂತು. ಮಧ್ಯಾಹ್ನ ಮೂರರ ಹೊತ್ತು. ಕಣದಲ್ಲಿ ಕಾಫಿ ಹರವಿತ್ತು. ಗಂಡ ಹೆಂಡತಿ ಓಡಾಡಿ ಬಾಚಿ ಮೂಟೆಗೆ ತುಂಬಿದರು. ತೋಟದ ಕೆಳಗಿನ ಕಣದಿಂದಲೂ ಒಂದು ಲೋಡು ತುಂಬಿಕೊಂಡು ಏರು ಹತ್ತಿ ಬಂದು ಅವನು ವ್ಯಾನನ್ನು ಹಿಮ್ಮುಖವಾಗಿ ಮೂಟೆ ಇಡುವ ಸ್ಟೋರಿನೊಳಗೇ ತಂದು ನಿಲ್ಲಿಸಿದ. ಕರೆಂಟು ಹೋಗಿತ್ತು, ಬೆಳಕಿಗೆ ಗಾಡಿಯ ದೀಪ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅವನ ಗಾಡಿಯ ಸೆಲ್ಫು ಸತ್ತಿತ್ತು. ಸೆಲ್ಫು ಎಳೆಯದ ಗಾಡಿಯನ್ನು ನಾವು ಇಳಿಜಾರಿನಲ್ಲೇ ನಿಲ್ಲಿಸುತ್ತೇವೆ, ಉರುಳಿಸಿ ಸ್ಟಾರ್ಟ್ ಮಾಡಬಹುದೆಂದು. ಸಮತಟ್ಟಿನಲ್ಲಿ ಅದನ್ನು ಆಫ್ ಮಾಡುವ ದಡ್ಡ ಈ ಬೆಟ್ಟದಲ್ಲಿ ಹುಟ್ಟಿಲ್ಲ. ಸ್ಟೋರಿನ ನೆಲ ಸಮತಟ್ಟು. ಇಂಜಿನ್ ಓಡುತ್ತಲೇ ಇತ್ತು, ಬಾಗಿಲು ಮುಚ್ಚಿತ್ತು, ಅವನು ಒಳಗೆ ಮೂಟೆ ಇಳಿಸುತ್ತಿದ್ದ.

ಮುಕ್ಕಾಲು ಗಂಟೆ ಕಳೆದು ಕಾಫಿಗೆ ಕರೆಯಲು ಹೆಂಡತಿ ಹೋದಾಗ ಅವನು ಮೂಟೆಗೆ ಒರಗಿ ಕೂತಿದ್ದನಂತೆ, ಉಸಿರಿರಲಿಲ್ಲವಂತೆ. ಮುಖ ಕೆಂಪಗೆ, ಬಿಸಿಲಲ್ಲಿ ನಡೆದು ಬಂದವರ ಹಾಗೆ ಇತ್ತಂತೆ. ಹೊಗೆಯ ವಾಸನೆ ಕೂಡ ಅಷ್ಟೇನೂ ಇರಲಿಲ್ಲ ಎಂದು ಅವಳು ಎಲ್ಲರಿಗೂ ಹೇಳಿದಳು. ವಿಷದ ಗಾಳಿ ಕುಡಿದದ್ದು ಎಂದು ಡಾಕ್ಟರು ಹೇಳಿದರು. ಹಣೆಬರಹ ಎಂದು ಊರವರು ಹೇಳಿದರು. ಹೌದು ಎಂದು ನಾನೂ ತಲೆಯಾಡಿಸಿದೆ.

ಮಾರನೆಯ ದಿನ ಸ್ಟೋರಿನಿಂದ ವ್ಯಾನು ತೆಗೆಯಲು ನನ್ನನ್ನೇ ಕರೆದರು. ನಾಲ್ಕು ಜನ ತಳ್ಳಿದರು, ಅಂಗಳದ ಇಳಿಜಾರಿನಲ್ಲಿ ಅದು ಸ್ಟಾರ್ಟ್ ಆಯಿತು. ಆ ಖಾಲಿ ಡಬ್ಬಿ ಎಲ್ಲರೆದುರಿಗೂ ಸದ್ದು ಮಾಡಿತು. ಈಗ ಯಾರಾದರೂ ಕೇಳುತ್ತಾರೆ, ಇದೇನು ಹಿಂಗೆ ಕೂಗ್ತೈತೆ ಎಂದು ಕೇಳಿಯೇ ಕೇಳುತ್ತಾರೆ ಎಂದು ಕಾದೆ. ಯಾರೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡವನು ನಾನು. ಇದನ್ನು ನೋಡೋಕಾಗಲ್ಲ, ನಿಮ್ಮಲ್ಲೇ ಇರಲಿ ಎಂದು ಅವನ ಹೆಂಡತಿ ಹೇಳಿ ಕಳಿಸಿದಳು. ಗ್ಯಾರೇಜಿನ ಹಿಂದೆ ನಿಲ್ಲಿಸಿ ಟಾರ್ಪಾಲು ಹೊದಿಸಿದೆ.

ಆಮೇಲೆ ನಾನು ಒಂದೂ ಕನ್ವರ್ಟರ್ ಒಡೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ಆದರೆ ಒಡೆದವು ಊರ ತುಂಬ ಇದ್ದವು. ಸಂತೆಯ ದಿನ ಒಂದರ ಹಿಂದೆ ಒಂದು ಬರುತ್ತಿದ್ದವು. ಗ್ಯಾರೇಜಿನ ಹಿಂದೆಯೂ ನೆಮ್ಮದಿ ಇರಲಿಲ್ಲ. ಬಿಸಿಲೇರಿದ ಮಧ್ಯಾಹ್ನ ಟಾರ್ಪಾಲಿನಡಿ ವ್ಯಾನಿನ ತಗಡು ಕಾದು ಟಕ್ ಎನ್ನುತ್ತಿತ್ತು, ಒಳಗಿನಿಂದ ಯಾರೋ ಬೆರಳಲ್ಲಿ ಬಡಿದ ಹಾಗೆ. ತಗಡು ಕಾದರೆ ಸದ್ದು ಬರುತ್ತದೆ ಎಂದು ನನಗೆ ಗೊತ್ತಿಲ್ಲವೆ? ಆದರೂ ಎರಡು ಸಲ ಎದ್ದು ಹೋಗಿ ಬಾಗಿಲು ತೆಗೆದು ನೋಡಿದ್ದೇನೆ.

ಮೂರು ವರ್ಷದ ಮೇಲೆ ಪಾಳ್ಯದ ಕಡೆಯ ಒಬ್ಬರು ಮೇಡಂ ಕಾರು ತಂದರು. ಹಾಸನದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವರು. ಕಲ್ಲು ಬಡಿದು ಅವರ ಕಾರಿನ ಕನ್ವರ್ಟರ್ ಬಿಲ್ಲೆ ಒಡೆದಿತ್ತು. ಚೂರುಗಳನ್ನು ಬಟ್ಟೆಯ ಮೇಲೆ ಸುರಿದದ್ದೇ ತಡ, ಅವರು ಕುಕ್ಕರುಗಾಲಲ್ಲಿ ಕೂತು ಆರಿಸಿ ನೋಡಲು ಶುರುಮಾಡಿದರು. ಇದರ ಮೇಲೆ ಬಳಿದಿರುವ ಪುಡಿಯ ಬಗ್ಗೆಯೇ ನಾನು ಐದು ವರ್ಷ ಓದಿದ್ದು ಎಂದರು.

"ಏನ್ ಪುಡಿ ಮೇಡಂ ಅದು?"

"ಸೀರಿಯಂ ಅಂತ ಒಂದು ಲೋಹ, ಅದರ ಆಕ್ಸೈಡು. ಜೊತೆಗೆ ಜಿರ್ಕೋನಿಯಂ ಬೆರೆಸಿರ್ತಾರೆ, ಬಿಸಿಗೆ ಗಂಟು ಕಟ್ಟಬಾರದು ಅಂತ. ಹೊಸದರಲ್ಲಿ ತಿಳಿ ಹಳದಿ ಬಣ್ಣ. ಇದರ ಗುಣ ಏನು ಗೊತ್ತಾ? ಹೊಗೆಯಲ್ಲಿ ಆಮ್ಲಜನಕ ಹೆಚ್ಚಾದಾಗ ತನ್ನೊಳಗೆ ತುಂಬಿಟ್ಕೊಳ್ಳುತ್ತೆ. ಕಮ್ಮಿಯಾದಾಗ ಬಿಟ್ಟುಕೊಡುತ್ತೆ. ಸುಗ್ಗಿಯಲ್ಲಿ ಕಣಜ ತುಂಬಿ ಮಳೆಗಾಲಕ್ಕೆ ತೆಗೀತಾರಲ್ಲ, ಹಾಗೆ. ಆ ಆಮ್ಲಜನಕದಲ್ಲೇ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿ ಸುಟ್ಟುಹೋಗೋದು."

ನಾನು ಕೇಳಬಾರದಿತ್ತು, ಕೇಳಿದೆ. ಗುರುತಿನವರೊಬ್ಬರ ಕಥೆ ಎಂದು ಹೇಳಿ ಎಲ್ಲವನ್ನೂ ಹೇಳಿದೆ. ಕೊನೆಗೆ, "ಅದು ಇದ್ದಿದ್ರೆ ಬದುಕ್ತಿದ್ನಾ ಮೇಡಂ?" ಎಂದೆ.

ಅವರು ಚೂರುಗಳನ್ನು ಕೆಳಗಿಟ್ಟರು. "ಗಾಡಿ ಏರು ಹತ್ತಿ ಬಂದಿತ್ತಾ?"

"ಹತ್ತಿ ಬಂದಿತ್ತು."

"ಹಾಗಾದ್ರೆ ಬಿಸಿ ಇರ್ತಿತ್ತು. ಬಿಸಿ ಇದ್ರೆ ವಿಷದ ಬಹುಪಾಲು ಸುಡ್ತಿತ್ತು. ಆದ್ರೆ ಬಾಗಿಲು ಮುಚ್ಚಿದ ಕೋಣೆ, ಗಾಡಿ ನಿಂತಲ್ಲೇ ಓಡ್ತಿತ್ತು ಅಂತೀರಿ. ಬರ್ತಾ ಬರ್ತಾ ಕೋಣೆಯೊಳಗಿನ ಆಮ್ಲಜನಕವೇ ಕಮ್ಮಿ ಆಗುತ್ತೆ, ಬಿಲ್ಲೆ ತಣ್ಣಗಾಗುತ್ತೆ. ಬದುಕ್ತಿದ್ರು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಸ್ವಲ್ಪ ಹೊತ್ತು ಸಿಗ್ತಿತ್ತು, ಅಷ್ಟು ಹೇಳ್ಬಹುದು. ಕನ್ವರ್ಟರ್ ಇದ್ರೂ ಮುಚ್ಚಿದ ಕೋಣೇಲಿ ಗಾಡಿ ಓಡಿಸಬಾರದು."

ಸ್ವಲ್ಪ ಹೊತ್ತು! ಅವನ ಹೆಂಡತಿ ಕಾಫಿ ಸೋಸಿ ಕರೆಯಲು ಬರುವಷ್ಟು ಹೊತ್ತು. ಆ ದಿನದಿಂದ ನನಗೆ ಗಾಡಿಯ ಸದ್ದಿನ ಜೊತೆ ಈ ಮಾತೂ ಕೇಳತೊಡಗಿತು. ಅವರ ಮನೆಗೆ ಹೋಗಿ ಹೇಳಬೇಕೆಂದು ಯಸಳೂರು ಬಸ್ಸು ಹತ್ತಿ, ಮೂರನೇ ಸ್ಟಾಪಿಗೇ ಇಳಿದು ವಾಪಸು ಬಂದಿದ್ದೇನೆ. ನಾನು ಹೇಡಿ. ಗ್ಯಾರೇಜಿನಲ್ಲಿ ಮಾತ್ರ ಬಾಯಿ ಜೋರು.

ಕಳೆದ ವರ್ಷ ಕೊಯ್ಲಿಗೆ ಮೊದಲು ಅವನ ಹೆಂಡತಿಯೇ ಬಂದಳು. ಡ್ರೈವಿಂಗ್ ಕಲಿತಿದ್ದೇನೆ, ಲೈಸೆನ್ಸ್ ಆಗಿದೆ, ವ್ಯಾನು ಬೇಕು, ಹಣ್ಣು ಹೊರಲು ಬಾಡಿಗೆ ಗಾಡಿಯನ್ನೇ ಎಷ್ಟೂಂತ ಕಾಯುವುದು ಎಂದಳು. ಒಂದು ವಾರದಲ್ಲಿ ಕೊಡುತ್ತೇನೆ ಎಂದೆ. ಬ್ಯಾಟರಿ ಹಾಕಿದೆ, ಸೆಲ್ಫು ಸರಿಮಾಡಿದೆ, ಖಾಲಿ ಡಬ್ಬಿ ಕೊಯ್ದು ಎಸೆದು ಹೊಸ ಕನ್ವರ್ಟರ್ ಕೂರಿಸಿದೆ. ಸ್ಟಾರ್ಟ್ ಮಾಡಿದರೆ ಆ ಸದ್ದೇ ಇಲ್ಲ. ಇಷ್ಟು ಸುಲಭದ ಕೆಲಸವನ್ನು ಅವತ್ತೇ ಮಾಡಬಹುದಿತ್ತಲ್ಲ ಎಂದುಕೊಂಡು ಗಾಡಿಯ ಕೆಳಗೆ ಬಿದ್ದಿದ್ದ ಸ್ಪ್ಯಾನರುಗಳನ್ನು ಹೆಕ್ಕಿಟ್ಟೆ.

ಅವಳು ಬಂದು ಇಂಜಿನ್ನಿನ ಸದ್ದು ಕೇಳುತ್ತ ನಿಂತಳು. "ಇದು ಮೊದ್ಲು ಹಿಂಗಿರ್ಲಿಲ್ಲ ಅಲ್ವಾ ಅಣ್ಣ? ಜೋರಾಗಿ ಕೂಗ್ತಿತ್ತು."

ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹೇಳಿದೆ. ನಾನೇ ಒಡೆದದ್ದು, ಗಾಳಿಗೇನು ಬರ ಎಂದು ನಕ್ಕದ್ದು, ಅದರೊಳಗಿನ ಪುಡಿ ವಿಷ ಸುಡುತ್ತದೆ ಎಂದು ಆಮೇಲೆ ತಿಳಿದದ್ದು, ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ನಿಂತೆ.

ಅವಳು ಬೈಯಲಿಲ್ಲ. ಬಹಳ ಮೆಲ್ಲಗೆ ಹೇಳಿದಳು: "ಬಾಗ್ಲು ಹಾಕು ಅಂದೋಳು ನಾನು. ಎರಚಲು ಬಂದು ಕಾಫಿ ನೆನೀತೈತೆ, ಹಾಕ್ರೀ ಅಂತ ಕಣದಿಂದ ಕೂಗ್ದೆ. ಅತ್ತೆ ಜಗಲೀಲಿ ಕೂತು ಕೇಳುಸ್ಕಂಡ್ರು. ಅವತ್ತಿಂದ ನನ್ನ ಕೈಲಿ ಒಂದ್ಲೋಟ ನೀರು ಈಸ್ಕಂಡಿಲ್ಲ ಅವ್ರು. ತಾವೇ ಬೇರೆ ಒಲೆ ಹಚ್ಕತಾರೆ. ಮಗನ್ನ ತಿಂದೋಳು ಅಂತಾರೆ. ನಾನೂ ಹಂಗೇ ಅನ್ಕಂಡಿವ್ನಿ."

ನಾಲ್ಕು ವರ್ಷ ದೆವ್ವ ಹಿಡಿದದ್ದು ನನಗೊಬ್ಬನಿಗೇ ಎಂದುಕೊಂಡಿದ್ದೆ.

"ಅದು ಇದ್ದಿದ್ರೆ," ಎಂದಳು, "ನಾನು ಬಾಗ್ಲು ಹಾಕ್ಸಿದ್ರೂ, ಅವ್ರು ಬದುಕ್ತಿದ್ರಾ?"

ಮೇಡಂ ಹೇಳಿದ ಮಾತು ಒಂದಕ್ಷರ ಬಿಡದೆ ನನಗೆ ನೆನಪಿತ್ತು.

"ಬದುಕ್ತಿದ್ದ ಕಣಮ್ಮ," ಎಂದೆ. "ಬಾಗ್ಲಿಂದಲ್ಲ ಅವ್ನು ಹೋಗಿದ್ದು. ನನ್ನಿಂದ."

ಅವಳು ವ್ಯಾನಿನ ಬಾಗಿಲು ತೆಗೆದಳು. ಆಮೇಲೆ ಸ್ಟಿಯರಿಂಗ್ ಮುಂದೆ ಕೂತು, "ಹತ್ತಿ," ಎಂದಳು. ಅಣ್ಣ ಎನ್ನಲಿಲ್ಲ. "ನಾನು ಹೇಳಿದ್ರೆ ಅತ್ತೆ ನಂಬಲ್ಲ. ನೀವೇ ಬಂದು ಹೇಳ್ಬೇಕು."

ಹತ್ತಿದೆ. ಯಸಳೂರು ದಾಟಿ ಏರು ಹತ್ತಿದೆವು. ಗಾಡಿಯನ್ನು ಚೆನ್ನಾಗಿ ಓಡಿಸುತ್ತಾಳೆ, ತಿರುವಿನಲ್ಲಿ ಅವನಿಗಿಂತ ಜೋಪಾನ. ಮುದುಕಮ್ಮ ಜಗಲಿಯಲ್ಲಿ ಮೆಣಸು ಆರಿಸುತ್ತಿದ್ದರು. ಅವರೆದುರು ನಿಂತು ಗ್ಯಾರೇಜಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ. ಬಿಲ್ಲೆ, ಪುಡಿ ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ತಪ್ಪು ನಂದು, ನಿಮ್ಮ ಸೊಸೇದಲ್ಲ ಎಂದದ್ದು ತಿಳಿಯಿತು. ಮೆಣಸಿನ ಮೊರ ಪಕ್ಕಕ್ಕೆ ಸರಿಸಿ ಎದ್ದು ಹೋಗಿ, ಅಂಗಳದಲ್ಲಿ ನಿಂತಿದ್ದ ಸೊಸೆಯ ತೋಳು ಹಿಡಿದುಕೊಂಡರು. ಇಬ್ಬರೂ ಒಳಗೆ ಹೋದರು. ನನಗೆ ಯಾರೂ ಕೂತ್ಕೊಳಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

ಯಸಳೂರಿಗೆ ನಡೆದು ಬಂದು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತ ಮೇಲೆ ಅಳು ಬಂತು. ಪಕ್ಕದವರು ನೋಡಿದರೂ ತಡೆದುಕೊಳ್ಳಲು ಆಗಲಿಲ್ಲ. ಅವನಿಗಾಗಿ ನಾನು ಅತ್ತದ್ದು ಅದೇ ಮೊದಲು. ಅಲ್ಲಿಯವರೆಗೆ ನನಗಾಗಿ ಹೆದರಿಕೊಂಡಿದ್ದೆ, ಅಷ್ಟೆ.