ಹಾಡುವವರಿಗೆ ಟಿಕೆಟ್ ಇಲ್ಲ

ಉತ್ತರ ಸಮುದ್ರದ ದಂಡೆಯ ಜರ್ಮನ್ ಊರುಗಳಲ್ಲಿ ಚರ್ಚು ಸಂಗೀತದ ಮಾತು ಬಂದರೆ, ಓಸ್ಟರ್‌ಜೀಲ್‌ನ ಶ್ರೀಮತಿ ಗೆಜೀನೆ ಬ್ರೋಡರ್ಸನ್ ಅವರ ಹೆಸರು ಹೇಳದೆ ಆ ಮಾತು ಮುಂದುವರಿಯುವುದಿಲ್ಲ. ಆರ್ಗನ್ ವಾದಕಿಯಾಗಿ, ಗಾಯನವೃಂದದ ಗುರುವಾಗಿ ಮೂರು ದಶಕಗಳಿಗೂ ಮೀರಿ ನಮ್ಮ ಚರ್ಚಿನಲ್ಲಿ ದುಡಿದು ನಿವೃತ್ತರಾಗುತ್ತಿರುವ ಅವರ ಅಭಿನಂದನ ಸಂಪುಟಕ್ಕೆ ನನ್ನಿಂದ ಲೇಖನ ಕೇಳಿದ್ದು ಸಂಪಾದಕರ ಧೈರ್ಯವೆಂದೇ ಹೇಳಬೇಕು. ಚರ್ಚಿನ ಖಜಾಂಚಿಯಾದ ನಾನು ಅವರೊಡನೆ ಜಗಳವಾಡಿದಷ್ಟು ಬೇರೆ ಯಾರೂ ಆಡಿಲ್ಲ. ಆ ಜಗಳ ಇನ್ನೂ ಮುಗಿದಿಲ್ಲ.

ಅವರು ಬಂದ ಹೊಸತರಲ್ಲಿ ಉಪ್ಪುಗಾಳಿಗೆ ಆರ್ಗನ್ನಿನ ಅರ್ಧ ಕೊಳವೆಗಳು ಮೂಕವಾಗಿದ್ದವು, ಹಾಡುವವರು ಪರಸ್ಪರ ಮಾತು ಬಿಟ್ಟಿದ್ದರು. ಹಲ್ಲಿನ ಡಾಕ್ಟರರನ್ನೂ ದೋಣಿ ರಿಪೇರಿಯವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಉಸಿರಿನಲ್ಲಿ ಬೈದು ಹಾಡಿಸಿದವರು ಅವರು. ನನ್ನ ಹೆಂಡತಿ ಮಾರ್ಗ್ರಿಟ್ ಹಾಸಿಗೆ ಹಿಡಿದ ಚಳಿಗಾಲದಲ್ಲಿ, ಹೇಳದೆ ಕೇಳದೆ ನಾಲ್ಕಾರು ಮಂದಿಯನ್ನು ಕರೆತಂದು ನಮ್ಮ ಕಿಟಕಿಯ ಕೆಳಗೆ ಹಾಡಿಸಿ ಹೋಗುತ್ತಿದ್ದರು. ಮರುದಿನ ಸಭೆಯಲ್ಲಿ ನನ್ನ ಲೆಕ್ಕಪತ್ರವನ್ನು ಎಂದಿನಂತೆ ಹರಿದುಹಾಕುತ್ತಿದ್ದರು.

ಶುಭ ಶುಕ್ರವಾರದ ಮಧ್ಯಾಹ್ನ ನಮ್ಮಲ್ಲಿ ಯೇಸುವಿನ ಯಾತನೆಯ ಕಥೆಯನ್ನು ವಾದ್ಯಮೇಳದೊಡನೆ ಹಾಡುತ್ತಾರೆ. ಮೇಳದವರು ದೊಡ್ಡ ಊರಿನಿಂದ ಬರಬೇಕು, ಬಿಟ್ಟಿ ಬರುವವರಲ್ಲ. ಅತ್ತ ಛಾವಣಿ ನೇರ ಆರ್ಗನ್ನಿನ ಮೇಲೆಯೇ ಸೋರುತ್ತಿತ್ತು. ಭಾನುವಾರದ ಪ್ರಾರ್ಥನೆಗೆ ಯಾರೂ ಏನೂ ಕೊಡಬೇಕಿಲ್ಲ, ಆದರೆ ಈ ಸಂಗೀತಕ್ಕೆ ಟಿಕೆಟ್ ಇಡೋಣ ಎಂದು ಚರ್ಚಿನ ಆಡಳಿತ ಮಂಡಳಿಯನ್ನು ಒಪ್ಪಿಸಿದವನು ನಾನು. ಸಂಬಳದಲ್ಲೇ ಚರ್ಚಿನ ತೆರಿಗೆ ಮುರಿದುಕೊಡುವವರು ಬಾಗಿಲಲ್ಲಿ ಮತ್ತೇಕೆ ಕೊಡಬೇಕೆಂದು ಕೆಲವರು ಗೊಣಗಿದರು. ಸೋರುವ ಸೂರನ್ನು ಭಕ್ತಿ ಮುಚ್ಚುವುದಿಲ್ಲ ಎಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ.

ಮೊದಲ ವರ್ಷ ಬಾಗಿಲ ಬಳಿಯ ಮೇಜಿಗೆ ನಾನೇ ಕುಳಿತಿದ್ದೆ. ಮೀನಿಗೆ ಹೊಗೆ ಹಾಕುವ ಶೆಡ್ಡಿನಲ್ಲಿ ದುಡಿಯುವ ಆಲ್ಕೆ ಥೀಸನ್ ಬಂದರು. ಗಂಡ ಕಡಲಲ್ಲಿ ತೀರಿಹೋದಂದಿನಿಂದ ಪ್ರತಿ ಶುಭ ಶುಕ್ರವಾರ ಆ ಹೊತ್ತಿಗೆ ಚರ್ಚಿಗೆ ಬಂದು ಕೂರುವವರು ಆಕೆ.

"ಟಿಕೆಟ್ ಎಲ್ಲಮ್ಮಾ?" ಎಂದೆ.

"ನಾನು ಹಾಡು ಕೇಳೋಕೆ ಬಂದಿಲ್ಲ ಯೆಸೆನ್ ಅವ್ರೇ. ಸುಮ್ನೆ ಕೂತ್ಕೊಳ್ಳೋಕೆ ಬಂದೆ."

"ಇವತ್ತು ಕೂತ್ರೆ ಕೇಳ್ಸುತ್ತಲ್ಲ!"

ಬ್ರೋಡರ್ಸನ್ ಅವರು ಕರಿಯುಡುಪಿನಲ್ಲೇ, ಹಾಡುವವರು ನಿಲ್ಲುವ ಮೇಲಂತಸ್ತಿನಿಂದ ದಡದಡನೆ ಇಳಿದು ಬಂದರು. "ಇವಳು ನಮ್ಮವಳು. ಹಾಡುವವರಿಗೆ ಟಿಕೆಟ್ ಇಲ್ಲ ಅಂತ ನಿಯಮ ಮಾಡಿದ್ದು ನೀವೇ ತಾನೆ?"

"ಇವರಿಗೆ ಹಾಡೋಕೆ ಬರುತ್ತಾ ಮೇಡಂ?"

"ನಿಮಗೆ ಬರುತ್ತಾ? ಬಾ ಆಲ್ಕೆ, ಮೂರನೇ ಸಾಲಲ್ಲಿ ನಿಂತ್ಕೋ. ಈ ಸಲ ಬಾಯಿ ಆಡಿಸು ಸಾಕು."

ಸುದ್ದಿ ಊರೆಲ್ಲ ಹಬ್ಬಿತು. ಮರುವರ್ಷದಿಂದ ಕೊಡಲಾಗದವರೂ, ಕೊಡಲು ಮನಸ್ಸಿಲ್ಲದ ನಮ್ಮ ಬೇಕರಿಯವನೂ ಗಾಯನವೃಂದ ಸೇರಿದರು. ಮೇಲಂತಸ್ತು ಸಾಲದೆ ವೃಂದ ಕೆಳಗಿಳಿಯಿತು, ಎದುರಿನ ಬೆಂಚುಗಳು ಖಾಲಿ ಹೊಡೆದವು. ಹೆಂಗಸರ ಕೆಳದನಿಗಳು ದಾರಿ ತಪ್ಪಿ ಅಲೆಯುತ್ತಿದ್ದವೆಂದು ಪತ್ರಿಕೆಯವರು ಬರೆದರು. ಶುಭ ಶುಕ್ರವಾರ ಚಪ್ಪಾಳೆ ತಟ್ಟದೆ ಮೌನವಾಗಿ ಚದುರುವುದು ನಮ್ಮ ವಾಡಿಕೆ. ಆ ವರ್ಷಗಳಲ್ಲಿ ಅದು ಅನುಕೂಲವೇ ಆಯಿತು. ಬ್ರೋಡರ್ಸನ್ ಅವರು ಮಾತ್ರ ಒಬ್ಬರನ್ನೂ ಕಳಿಸದೆ, ಸಂಜೆಗಳನ್ನೆಲ್ಲ ಸವೆಸಿ ಅಷ್ಟೂ ಜನರಿಗೆ ಸ್ವರಲಿಪಿ ಕಲಿಸಿದರು. ಇಂದು ಆ ಕೆಳದನಿಗಳನ್ನು ಮುನ್ನಡೆಸುವವರು ಆಲ್ಕೆ. ಸೂರು ಮಾತ್ರ ಇನ್ನೂ ಸೋರುತ್ತಿದೆ, ಆರ್ಗನ್ನಿಗೆ ಟಾರ್ಪಾಲು ಹೊದಿಸುವ ಕೆಲಸ ನನ್ನದೇ.

ಈಗ ಬರುತ್ತಿರುವ ಹೊಸ ಗುರುಗಳು ಸಮರ್ಥರು. ದನಿ ಪರೀಕ್ಷಿಸಿ, ಹಾಡಬಲ್ಲವರನ್ನಷ್ಟೇ ಉಳಿಸಿಕೊಳ್ಳುತ್ತಾರಂತೆ. ಮಿಕ್ಕವರು ಟಿಕೆಟ್ಟಿಗಾಗಿ ನನ್ನ ಮೇಜಿನ ಮುಂದೆ ನಿಲ್ಲಬೇಕು. ಬ್ರೋಡರ್ಸನ್ ಅವರಿಗೆ ಗೌರವವಾಗಿ ಜೀವಮಾನವಿಡೀ ಮೊದಲ ಬೆಂಚಿನಲ್ಲಿ ಉಚಿತ ಸ್ಥಾನ ಕೊಡಲು ಮಂಡಳಿ ಒಪ್ಪಿದೆ. ಹಿಗ್ಗಿನಿಂದ ಹೋಗಿ ತಿಳಿಸಿದೆ. ಅವರು ಚಹಾ ಬಗ್ಗಿಸುತ್ತಿದ್ದರು.

"ಆಲ್ಕೆಗೆ?" ಎಂದು ಕೇಳಿದರು.

"ಆಕೆ ಪರೀಕ್ಷೇಲಿ ಪಾಸಾಗ್ತಾರೆ ಬಿಡಿ."

"ಪಾಸಾಗದೇ ಇರೋರಿಗೆ?"

ನಾನು ಸೂರಿನ ಮಾತು ತೆಗೆದೆ.

"ಸೋರುತ್ತೆ, ಗೊತ್ತು. ನೀವು ಹೇಳೋದು ಸುಳ್ಳು ಅನ್ನಲ್ಲ ನಾನು. ಆದ್ರೆ ಬಾಗಿಲಲ್ಲಿ ಆ ಮೇಜು ಇರೋವರೆಗೆ ಆ ಶುಕ್ರವಾರ ನಾನು ಒಳಗೆ ಬರಲ್ಲ. ಹೊರಗೆ ನಿಂತು ಕೇಳ್ತೀನಿ. ಗಾಳಿ ಇಲ್ದಿದ್ರೆ ಕೇಳ್ಸುತ್ತೆ."

ನಮ್ಮ ದಂಡೆಯಲ್ಲಿ ಗಾಳಿಯಿಲ್ಲದ ದಿನವನ್ನು ನಾನು ಕಂಡಿಲ್ಲ.

ಟಿಕೆಟ್ ಉಳಿಯಬೇಕೇ ಎಂದು ಮಂಡಳಿ ಮತ್ತೆ ಮತ ಹಾಕಲಿದೆ. ಎರಡೂ ಕಡೆ ಸಮಸಮ, ಉಳಿದಿರುವುದು ನನ್ನ ಕೈಯೊಂದೇ. ಛಾವಣಿಯನ್ನು ನೋಡಿದರೆ ಒಂದು ಉತ್ತರ, ಅವರ ಮುಖ ನೆನೆದರೆ ಇನ್ನೊಂದು. ಶ್ರೀಮತಿ ಬ್ರೋಡರ್ಸನ್ ಅವರ ಬೆರಳುಗಳ ಕಸುವು ಕುಗ್ಗದಿರಲಿ, ಅವರ ಬೈಗುಳ ನಮಗಿನ್ನೂ ಸಿಗುತ್ತಿರಲಿ. ಅವರು ನೂರು ಕಾಲ ಬಾಳಲಿ ಎಂದು ಹಾರೈಸುವುದು ಸುಲಭ. ಅಷ್ಟು ಕಾಲವೂ ಅವರನ್ನು ಗಾಳಿಯಲ್ಲಿ ನಿಲ್ಲಿಸಿ, ಅವರು ಕಲಿಸಿದ ಹಾಡನ್ನು ನಾನು ಒಳಗೆ ಕುಳಿತು ಕೇಳಬೇಕೇ?