ಬೆಳೆಯೋ ಕಾಲಿಗೆ ಒಂದು ಸೈಜು ದೊಡ್ಡದು

ನನ್ನ ಪಾದಗಳು ಹುಟ್ಟಿದಾಗಿನಿಂದ ತಮ್ಮ ಸ್ವಂತ ಅಳತೆಯಲ್ಲಿ ವಾಸ ಮಾಡಿದ್ದೇ ಇಲ್ಲ. ಅವು ಯಾವಾಗಲೂ ಮುಂದಿನ ವರ್ಷದ ಪಾದಗಳ ಮನೆಯಲ್ಲಿ ಬಾಡಿಗೆಗಿದ್ದವು. ಯಾವ ಅಂಗಡಿಗೆ ಹೋದರೂ ಅಮ್ಮ ನನ್ನ ಮುಂದೆ ಮಂಡಿಯೂರಿ, ಷೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಬದನೆಕಾಯಿ ಆರಿಸುವವಳ ಮುಖ ಮಾಡಿ, "ಒಂದು ಸೈಜು ದೊಡ್ಡದೇ ಇರ್ಲಿ, ಬೆಳೆಯೋ ಮಗು" ಎನ್ನುತ್ತಾಳೆ. ಫ್ರಾಕು, ಸ್ವೆಟರು, ಸೈಕಲ್ಲು, ಕೊನೆಗೆ ಭರತನಾಟ್ಯದ ಗೆಜ್ಜೆ ಕೂಡ ಹೀಗೇ ಬಂದವು. ನನಗೀಗ ಹದಿನಾರು. ಬೆಳವಣಿಗೆ ನಿಂತು ಬಹಳ ಕಾಲವಾಯಿತು. ಈ ಸುದ್ದಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ನಮ್ಮ ಇಡೀ ಎವರ್‌ಗ್ರೀನ್ ಬಡಾವಣೆಗೆ ಗೊತ್ತು, ಅಮ್ಮನಿಗೊಬ್ಬಳಿಗೆ ಬಿಟ್ಟು.

ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ಆದರೆ ನಡುವೆ ಕುದುರೆ ಬಂತು.

ಹೌದು, ನಾನು ಕುದುರೆ ಸವಾರಿ ಮಾಡುತ್ತೇನೆ. ಈ ವಾಕ್ಯವನ್ನು ಯಾವ ಮಾತಿನ ಮಧ್ಯೆ ಬೇಕಾದರೂ ತೂರಿಸಬಲ್ಲೆ. ಗಣಿತದ ಟೀಚರ್ ಹತ್ತಿರ ತ್ರಿಕೋನದ ನಡುವೆಯೂ ತೂರಿಸಿದ್ದೇನೆ. ಯಾರಿಗೂ ಹೇಳದೆ ಬಿಡುವ ಭಾಗವೂ ಒಂದಿದೆ. ಶನಿವಾರ ಮಾರ್ಗನ್ ಹಿಲ್‌ನ ಲಾಯಕ್ಕೆ ಹೋಗಿ ಮೊದಲು ಲದ್ದಿ ಬಾಚಬೇಕು, ಕೈಗಾಡಿಗೆ ತುಂಬಬೇಕು, ನೀರಿನ ತೊಟ್ಟಿ ಉಜ್ಜಬೇಕು. ಆಮೇಲೆ ವಾಫಲ್ ಎಂಬ ದಪ್ಪ ಕಂದು ಕುದುರೆ ನನ್ನನ್ನು ಹೊತ್ತುಕೊಂಡು ತನಗೆ ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತದೆ. ಇದಕ್ಕೆ ಸವಾರಿ ಎಂದು ಹೆಸರು.

ಬೇಸಿಗೆಯೆಲ್ಲ ಹಳೇ ಬೂಟಿನಲ್ಲಿ ಕಳೆಯಿತು. ಆದರೆ ಇಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ, ಹಾಗಾಗಿ ಚಳಿಗಾಲ ಅಂದರೆ ಹಿಮವಲ್ಲ, ಕೆಸರು. ಬೇಸಿಗೆಯಲ್ಲಿ ಬಿಸ್ಕತ್ತಿನ ಹಾಗೆ ಬಿರಿದುಕೊಂಡಿರುವ ನೆಲ, ಮೊದಲ ಮಳೆಗೆ ಹಲ್ವ ಆಗಿಬಿಡುತ್ತದೆ. ಅಂಥ ಒಂದು ಶನಿವಾರ ಒದ್ದೆ ಕಾಲ್ಚೀಲದಲ್ಲಿ ಮನೆಗೆ ಬಂದವಳು, ಗ್ರಹಚಾರಕ್ಕೆ, ಅಮ್ಮನ ಎದುರೇ ಸೀನಿದೆ. ತೀರ್ಪು ಅಲ್ಲೇ ಹೊರಬಿತ್ತು.

"ಕಾಲು ಒದ್ದೆ ಆದ್ರೆ ಶೀತ ಸೀದಾ ತಲೆಗೇ ಏರೋದು. ಬೆಚ್ಚಗಿರೋ, ನೀರು ಹೋಗದೇ ಇರೋ ಬೂಟು ಬರೋವರ್ಗೂ ಕುದುರೆ ಬಂದ್, ಪುಟ್ಟಿ."

ಲಾಯದ ಒಡತಿ ಲಿಂಡಾ, ನನಗೆ ಸವಾರಿ ಕಲಿಸುವವರು, ಇನ್ನೊಂದು ತೀರ್ಪನ್ನು ಮೊದಲೇ ಕೊಟ್ಟಿದ್ದರು. ಬೂಟಿಗೆ ಹಿಮ್ಮಡಿ ಇರಬೇಕು, ಕಾಲಿಗೆ ಬಿಗಿಯಾಗಿ ಕೂರಬೇಕು, ರಿಕಾಪಿನಿಂದ ಸರಕ್ಕನೆ ಹೊರಗೆ ಬರಬೇಕು. ರಿಕಾಪು ಅಂದರೆ ಸವಾರ ಕಾಲು ತೂರಿಸುವ ಕಬ್ಬಿಣದ ಬಳೆ. ಬಿದ್ದಾಗ ಕಾಲು ಅದರಲ್ಲಿ ಸಿಕ್ಕಿಕೊಂಡರೆ ಕುದುರೆ ನಮ್ಮನ್ನು ಎಳೆದುಕೊಂಡೇ ಹೋಗುತ್ತದೆ. ಹಾಗಾಗಿ ಲಿಂಡಾ ಮಾತಿಗೆ ಅಪೀಲಿಲ್ಲ. ಅಮ್ಮನ ಮಾತಿಗೆ ಯಾವ ಕಾಲದಲ್ಲೂ ಇರಲಿಲ್ಲ. ಇಬ್ಬರಿಗೂ ಒಪ್ಪುವ ಒಂದು ಜೊತೆ ಬೂಟು ಸಿಗದಿದ್ದರೆ ಮಳೆ ಮುಗಿಯುವ ತನಕ ವಾಫಲ್ ಬೆನ್ನೇರುವುದು ನನ್ನ ಜೊತೆ ಸವಾರಿ ಕಲಿಯುವ, ಸಿರಿವಂತರ ಊರು ಸರಟೋಗಾದ ಹುಡುಗಿ. ಅವಳ ಬೂಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಬೆಚ್ಚಗಿನ ಬೂಟುಗಳನ್ನೆಲ್ಲ ಹಿಮಕರಡಿಗಳ ನೆರೆಮನೆಯವರಿಗೇ ಮಾಡಿದ ಹಾಗಿತ್ತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಇಡೀ ದಿನ ಮೀನು ಹಿಡಿಯುತ್ತಾ ಕೂತರೂ ತನ್ನ ಕಾಲು ಬೆವರಿತೆಂದು ಒಬ್ಬ ಮಹಾನುಭಾವ ಬರೆದಿದ್ದ. ಆದರೆ ಅಂಥವು ದಿಂಬಿನಷ್ಟು ದಪ್ಪ, ರಿಕಾಪಿನೊಳಗೆ ಹೋಗುವುದಿಲ್ಲ. ರಿಕಾಪಿಗೆ ಹೋಗುವಂಥವು ಅವಲಕ್ಕಿಯ ಹಾಗೆ ನೀರು ಹೀರುತ್ತವೆ. ಲದ್ದಿಗೊಂದು, ಸವಾರಿಗೊಂದು, ಎರಡು ಜೊತೆ ಕೊಡಿಸೆಂದು ಕೇಳಿದೆ. ಅಮ್ಮ ನೋಡಿದ ನೋಟಕ್ಕೆ ಆ ಬೇಡಿಕೆ ತಾನಾಗಿಯೇ ವಾಪಸ್ಸು ಹೋಯಿತು.

ಇಲ್ಲಿ ಸ್ವಲ್ಪ ಪಾಂಡಿತ್ಯ. ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂ ಒಂದರಲ್ಲಿ ಕಲ್ಲಿನ ಸೂರ್ಯದೇವನನ್ನು ನೋಡಿದ್ದೆ. ಕಾಲಿಗೆ ಎತ್ತರದ ಬೂಟು! ನಮ್ಮ ಅಷ್ಟೊಂದು ದೇವರುಗಳಲ್ಲಿ ಬೂಟು ಹಾಕುವವನು ಹೆಚ್ಚುಕಡಿಮೆ ಅವನೊಬ್ಬನೇ, ಏಳು ಕುದುರೆ ಕಟ್ಟಿಕೊಂಡು ಓಡಾಡುವವನೂ ಅವನೇ. ಉತ್ತರದ ಶಿಲ್ಪಿಗಳು ಅವನಿಗೆ ಬೂಟು ತೊಡಿಸಿದರು, ನಮ್ಮ ದಕ್ಷಿಣದವರು ಬರಿಗಾಲಲ್ಲಿ ನಿಲ್ಲಿಸಿದರು. ಬೆಚ್ಚಗಿರಲು ಯಾರ ಸಹಾಯವೂ ಬೇಡದ ದೇವರಿಗೇ ಬೂಟು ಸಿಕ್ಕಿದ್ದು ನೋಡಿ. ಇದನ್ನು ಅಮ್ಮನ ಮುಂದಿಟ್ಟೆ. "ನೋಡಮ್ಮಾ, ದೇವ್ರೇ ಬೂಟು ಹಾಕ್ಕೊಂಡಿದಾನೆ. ನೀನು ನೋಡಿದ್ರೆ ಬೂಟನ್ನ ಗರಾಜಿಂದ ಒಳಗೇ ಬಿಡಲ್ಲ ಅಂತೀಯ."

"ಅದಕ್ಕೇ ಅವ್ನು ಮ್ಯೂಸಿಯಮ್ಮಲ್ಲಿ ನಿಂತಿರೋದು," ಎಂದಳು ಅಮ್ಮ ಒಗ್ಗರಣೆ ಮುಗಿಸುತ್ತಾ. "ನಮ್ಮ ಕಡೆಯೋನು ಬರಿಗಾಲಲ್ಲಿ ಬರ್ತಾನೆ, ಒಳಗೆ ಕರ್ಕೋತೀವಿ."

ಕೊನೆಗೆ ಕುದುರೆ ಸಾಮಾನಿನ ಅಂಗಡಿಯೊಂದರಲ್ಲಿ ಬೂಟು ಸಿಕ್ಕಿತು. ಒಳಗೆ ಉಣ್ಣೆ, ಹೊರಗೆ ನೀರು ಜಾರಿಹೋಗುವ ಚರ್ಮ, ತೆಳ್ಳಗಿನ ಅಟ್ಟೆ, ಪುಟ್ಟ ಹಿಮ್ಮಡಿ. ನನ್ನ ಸೈಜಿನದು ಕಾಲಿಗೆ ಸರಿಯಾಗಿ ಕೂತಿತು. ಅದೇ ಅದರ ದೋಷವಾಯಿತು. ಅಮ್ಮನ ಹೆಬ್ಬೆರಳು ಬಂತು.

"ಅಯ್ಯೋ, ಬೆರಳಿಗೆ ಉಸಿರಾಡೋಕ್ಕೂ ಜಾಗ ಇಲ್ಲ."

"ಅಮ್ಮಾ, ಫಿಟ್ ಆಗೋದು ಅಂದ್ರೆ ಇದೇ!"

"ಫಿಟ್ಟು ಇವತ್ತು. ಮುಂದಿನ ಚಳಿಗಾಲಕ್ಕೆ? ದೊಡ್ಡದು ತಗೋ, ಎರಡು ಕಾಲ್ಚೀಲ ಹಾಕ್ಕೊಂಡ್ರೆ ಆಯ್ತು."

ಅಂಗಡಿಯ ಹುಡುಗಿ ಟೆನಿಸ್ ಆಟ ನೋಡುವವಳಂತೆ ಆ ಕಡೆ ಈ ಕಡೆ ಕತ್ತು ತಿರುಗಿಸುತ್ತಿದ್ದಳು. ನಾನು ಬೇಗ ಸೋತೆ, ಏಕೆಂದರೆ ಒಳಗೊಳಗೇ ಒಂದು ಉಪಾಯವಿತ್ತು. ಮಾರನೇ ದಿನ ಸದ್ದಿಲ್ಲದೆ ಬದಲಾಯಿಸಿ ತಂದರಾಯಿತು.

ಆ ಉಪಾಯವನ್ನು ಮುಳುಗಿಸಿದವನು ಅಪ್ಪ. ಅಪ್ಪ ಇಂಜಿನಿಯರು, ಟೆಸ್ಟ್ ಮಾಡದೆ ಅವನು ಇಡ್ಲಿಯನ್ನೂ ನಂಬುವುದಿಲ್ಲ. ನಾನು ಸ್ಕೂಲಿಂದ ಬರುವಷ್ಟರಲ್ಲಿ ಎರಡೂ ಬೂಟನ್ನು ಬಾತ್‌ಟಬ್ಬಿನಲ್ಲಿ ನಿಲ್ಲಿಸಿ ಒಳಗೆ ತುಂಬಾ ನೀರು ಸುರಿದಿದ್ದ. "ಬೆಳಗ್ಗೆಯಿಂದ ಇಟ್ಟಿದೀನಿ ಕಣೇ, ಒಂದು ತೊಟ್ಟು ಲೀಕ್ ಇಲ್ಲ!" ಒಳಗಿನ ನೀರು ಹೊರಗೆ ಬರದಿದ್ದರೆ ಹೊರಗಿನದೂ ಒಳಗೆ ಹೋಗುವುದಿಲ್ಲ. ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಒಳಗಿನ ಉಣ್ಣೆ ಮಾತ್ರ ಹೊಳೆಗೆ ಬಿದ್ದ ಕುರಿಯಾಗಿತ್ತು. ಕುರಿಯ ವಾಸನೆ ಬರುವ ಬೂಟನ್ನು ಯಾವ ಅಂಗಡಿಯವರೂ ವಾಪಸ್ಸು ತಗೊಳ್ಳುವುದಿಲ್ಲ. ಆ ವಾರವಿಡೀ ನಮ್ಮ ಮನೆಯ ಹೇರ್ ಡ್ರೈಯರು ತಲೆಕೂದಲನ್ನೇ ಕಾಣಲಿಲ್ಲ.

ಶನಿವಾರ ಜಿನುಗು ಮಳೆ. ಅಮ್ಮ ಎಂದಿನಂತೆ ಕಾರಿನಲ್ಲೇ ಕೂತಳು, ಕಾಲ್ಚೀಲದ ಮೇಲೆ ಚಪ್ಪಲಿ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಹಿಡಿದುಕೊಂಡು. ನಾನು ವಾಫಲ್ ಮೇಲೆ ಹತ್ತಿ ಕೂತೆ. ರಿಕಾಪಿನಿಂದ ಕಾಲು ತೆಗೆದು ತೋರಿಸು ಎಂದರು ಲಿಂಡಾ. ತೆಗೆದೆ. ಕಾಲು ಸರಕ್ಕನೆ ಬಂತು. ಬೂಟು ಬರಲಿಲ್ಲ. ಅದು ರಿಕಾಪಿನಲ್ಲೇ ಕೂತು ನಿಧಾನವಾಗಿ ತೂಗಾಡಿತು.

ಲಿಂಡಾ ಅದನ್ನು ನೋಡಿ, "ಸರಿ, ಇವತ್ತು ಬೂಟು ಸವಾರಿ ಮಾಡಲಿ. ನೀನು ಲದ್ದಿ ಬಾಚು" ಎಂದರು. ಸರಟೋಗಾದವಳು ಆಗಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

ಬಿಡಿಸಿಕೊಂಡ ಬೂಟನ್ನು ಕೈಯಲ್ಲಿ ಹಿಡಿದು ಕುಂಟುತ್ತಾ ಹೊರಟೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಇನ್ನೊಂದನ್ನು ಕೆಸರು ನುಂಗಿತು. ಕಾಲ್ಚೀಲದಲ್ಲಿ ಕೊಕ್ಕರೆಯಂತೆ ನಿಂತೆ. "ಪುಟ್ಟೀ, ಕಾಲು ಒದ್ದೆ ಆಯ್ತಲ್ಲೇ!" ಎಂದು ಅಮ್ಮ ಕಾರಿಳಿದು ಓಡಿಬಂದಳು. ಕೆಸರು ಅವಳ ಒಂದು ಚಪ್ಪಲಿ ತೆಗೆದುಕೊಂಡಿತು, ಮುಂದಿನ ಹೆಜ್ಜೆಗೆ ಇನ್ನೊಂದನ್ನೂ.

ಲಿಂಡಾ ನಗು ತಡೆಯುತ್ತಾ ನಮ್ಮಿಬ್ಬರನ್ನೂ ಲಾಯದೊಳಗೆ ಕೂರಿಸಿ, ಒಣ ಕಾಲ್ಚೀಲ ಕೊಟ್ಟರು. ಯಾರೋ ಬಿಟ್ಟುಹೋಗಿದ್ದ, ಚರ್ಮ ಬಿರಿದ ಹಳೇ ಬೂಟನ್ನು ನನ್ನ ಮುಂದಿಟ್ಟರು, ಕೆಸರಿನಿಂದ ಕಿತ್ತು ತಂದ ನನ್ನ ಹೊಸ ಜೊತೆಯನ್ನು ಅಮ್ಮನ ಮುಂದೆ. ಹಳೆಯದು ನನಗೆ ಸರಿಯಾಗಿ ಕೂತಿತು. ಅಮ್ಮ ಹೊಸದರೊಳಗೆ ಕಾಲಿಟ್ಟು ಎದ್ದು ನಿಂತಳು. ಅಭ್ಯಾಸಬಲದಿಂದ ಬಗ್ಗಿ ತನ್ನದೇ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಎಲ್ಲೂ ಜಾಗವಿರಲಿಲ್ಲ.

"ಬೆಚ್ಚಗಿದೆ ಕಣೇ," ಎಂದಳು, ಪಾಯಸದ ರುಚಿ ನೋಡಿದವಳ ಹಾಗೆ.

"ಅಮ್ಮಾ, ಒಂದೇ ಒಂದು ರೌಂಡು. ಪ್ಲೀಸ್."

ಅಮ್ಮ ನನ್ನ ಬಿರಿದ ಬೂಟನ್ನು ನೋಡಿದಳು, ಆಕಾಶವನ್ನು ನೋಡಿದಳು, ಆಮೇಲೆ ಸರಟೋಗಾದವಳ ಹೊಳೆಯುವ ಬೂಟನ್ನು ನೋಡಿದಳು. ನನ್ನನ್ನು ಉಳಿಸಿದ್ದು ಆ ಕೊನೆಯ ನೋಟ.

"ಹೋಗು. ಮನೆಗೆ ಬಂದ್ಮೇಲೆ ಬಿಸಿನೀರಲ್ಲಿ ಕಾಲಿಡ್ಬೇಕು, ಗೊತ್ತಾಯ್ತಾ?"

ಲಿಂಡಾ ಲದ್ದಿಯ ಕೆಲಸವನ್ನು ಸರಟೋಗಾದವಳಿಗೆ ದಾಟಿಸಿ, ನನ್ನನ್ನು ವಾಫಲ್ ಮೇಲೆ ಹತ್ತಿಸಿ, ಮತ್ತೆ ಕಾಲು ತೆಗೆಸಿ ನೋಡಿದರು. ಈ ಸಲ ಬೂಟೂ ಕಾಲಿನ ಜೊತೆ ಬಂತು. ಸುತ್ತು ಮುಗಿಸಿ ಬಂದು ನೋಡುತ್ತೇನೆ, ಅಮ್ಮ ಕೆಸರಿನ ಮಧ್ಯೆ ರಾಣಿಯ ಹಾಗೆ ನಿಂತಿದ್ದಾಳೆ, ಕೈಯಲ್ಲಿ ಲದ್ದಿ ಬಾಚುವ ಸಲಿಕೆ. ಅರೆಬರೆ ಗುಡಿಸಿದ ಅಂಗಳವನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಜಾತಕದಲ್ಲೇ ಇಲ್ಲ. ಮೂಲೆ ಬಿಡದೆ ಬಾಚುವುದು ಹೇಗೆಂದು ಸರಟೋಗಾದವಳಿಗೆ ಪಾಠ ನಡೆದಿತ್ತು. ಆ ಹುಡುಗಿಯ ಬೂಟಿನಲ್ಲಿ ಅಂದು ಯಾರ ಮುಖವೂ ಕಾಣುತ್ತಿರಲಿಲ್ಲ.

ಮುಂದಿನ ವಾರ ನನಗೆ ನನ್ನ ಸೈಜಿನದೇ ಬಂತು. ಅಂಗಡಿಯಲ್ಲಿ ಹೆಬ್ಬೆರಳು ಒತ್ತಿತು, ಬಾಯಿ ತೆರೆಯಿತು. ನಾನು ಅಮ್ಮನ ಕಾಲಲ್ಲಿದ್ದ ಆ ದೊಡ್ಡ ಬೂಟಿನ ಕಡೆ ನೋಡಿ ಸಣ್ಣಗೆ ಕೆಮ್ಮಿದೆ. ಬಾಯಿ ಮುಚ್ಚಿತು. ಈಗ ಗರಾಜಿನಲ್ಲಿ ಎರಡು ಜೊತೆ ಪಕ್ಕಪಕ್ಕದಲ್ಲಿ ನಿಂತಿರುತ್ತವೆ, ಶನಿವಾರ ಎರಡೂ ಹೊರಡುತ್ತವೆ. ತಾನು ತಪ್ಪು ಸೈಜು ಕೊಂಡೆನೆಂದು ಅಮ್ಮ ಇವತ್ತಿಗೂ ಒಪ್ಪಿಲ್ಲ. "ನಾನು ಹೇಳಿರ್ಲಿಲ್ವಾ, ದೊಡ್ಡದು ತಗೊಂಡ್ರೆ ಮುಂದೆ ಆಗೇ ಆಗುತ್ತೆ ಅಂತ?"

ಆಯಿತು, ನಿಜ. ಬೆಳೆದ ಮಗು ಯಾರು ಎಂದು ಮಾತ್ರ ನಾನು ಕೇಳಿಲ್ಲ. ಕಾರಿನ ಕೀ ಇನ್ನೂ ಅವಳ ಹತ್ತಿರವೇ ಇದೆ.