ಚಳಿಯಲ್ಲದ ನಡುಕ

ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳ ಬೆರಳು ನಡುಗಿದರೆ ಅವತ್ತಿನ ಕೆಲಸ ಕೆಟ್ಟಂತೆಯೇ. ಸೊಂಟನೋವಿಗೆಂದು ಶುರು ಮಾಡಿದ ಮಾತ್ರೆ ಅವಳಿಗೆ ಬರಬರುತ್ತಾ ಬೆರಳು ನಡುಗದಂತೆ ತಡೆಯುವ ಮಾತ್ರೆಯಾಯಿತು. ಬಸುರಿಯಾದ ಮೇಲೂ ಬಿಡಲಾಗಲಿಲ್ಲ. ದಾರದ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗಿದಳು, ಡಾಕ್ಟರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ.

ಹೆತ್ತ ಮರುದಿನ ಮಗು ನಡುಗತೊಡಗಿತು. ಹಾಲೂ ಕುಡಿಯದು, ನಿದ್ದೆಯೂ ಮಾಡದು, ಕಿರುಚುವುದೊಂದೇ.

"ಚಳಿ ಕಣಮ್ಮ, ಇನ್ನೊಂದು ಬಟ್ಟೆ ಸುತ್ತು," ಅಂದರು ಅತ್ತೆ. ನರ್ಸ್ ಜ್ವರ ನೋಡಿದಳು, ಇರಲಿಲ್ಲ.

ಮಗುವಿನ ಬೆರಳುಗಳನ್ನೇ ನೋಡುತ್ತಾ ಕೂತವಳಿಗೆ ಗೊತ್ತಾಯಿತು. ಮಾತ್ರೆ ಮುಗಿದ ದಿನ ತನ್ನ ಬೆರಳುಗಳೂ ಹೀಗೇ ನಡುಗುತ್ತಿದ್ದವು.

"ಚಳಿಯಲ್ಲ ಸಿಸ್ಟರ್," ಅಂದವಳು ಎಲ್ಲವನ್ನೂ ಹೇಳಿಬಿಟ್ಟಳು.

ಡಾಕ್ಟರು ಬಂದು ಮಗುವಿಗೆ ಹನಿ ಔಷಧ ಶುರು ಮಾಡಿದರು, ಅದಕ್ಕೆ ಬೆಳಕು, ಸದ್ದು ಆಗದೆಂದು ಕೋಣೆಯ ದೀಪ ಆರಿಸಿ ಹೋದರು. ಅತ್ತೆ ತಾವು ಹೆಣೆದು ತಂದಿದ್ದ ಟೋಪಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು.

ಅವಳು ಮಗುವನ್ನು ಎದೆಗವಚಿಕೊಂಡಳು. ಆ ನಡುಕ ಎಂಥದ್ದೆಂದು ಅನುಭವಿಸಿ ಬಲ್ಲವರು ಇಬ್ಬರೇ. ಅವರಲ್ಲೊಬ್ಬರಿಗೆ ಇನ್ನೂ ಮಾತು ಬಾರದು.